ಎಷ್ಟನೆಯ ಸುತ್ತು?

ಸಂಘದ ವಾರ್ತಾಪತ್ರಕ್ಕೆ ನಾವು ಇದುವರೆಗೆ ಬರೆದುಕೊಟ್ಟದ್ದೆಲ್ಲ ಆರೋಗ್ಯದ ವಿಷಯಗಳೇ. ಐರ್ಲೆಂಡಿನ ಚಳಿಗಾಲದಲ್ಲಿ ವಿಟಮಿನ್ ಡಿ ಏಕೆ ಬೇಕು, ಮಧುಮೇಹವಿರುವವರು ಹಬ್ಬದ ದಿನ ಹೋಳಿಗೆಯನ್ನು ಎಷ್ಟಕ್ಕೆ ನಿಲ್ಲಿಸಬೇಕು, ಊರಿಗೆ ಹೊರಡುವ ಮುನ್ನ ಯಾವ ಲಸಿಕೆ ಹಾಕಿಸಿಕೊಳ್ಳಬೇಕು, ಇತ್ಯಾದಿ. ಈ ಬಾರಿ ಸಂಪಾದಕ ಮಿತ್ರರು, "ಮಕ್ಕಳ ಕಂಪ್ಯೂಟರ್ ಆಟದ ಗೀಳಿನ ಬಗ್ಗೆ ನಾಲ್ಕು ಮಾತು ಬರೆದುಕೊಡಿ, ಡಾಕ್ಟರೇ" ಎಂದು ಕೇಳಿದರು. ಒಪ್ಪಿಕೊಂಡೆವು. ಬರೆಯಲು ಕುಳಿತ ಮೇಲೆ ತಿಳಿಯಿತು, ಈ ವಿಷಯದಲ್ಲಿ ಉಪದೇಶಕ್ಕೆ ಮೊದಲು ಒಪ್ಪಿಕೊಳ್ಳಬೇಕಾದ ತಪ್ಪೊಂದು ನಮ್ಮಲ್ಲಿಯೇ ಇದೆಯೆಂದು.

ನಮ್ಮ ಮಗನಿಗೆ ಹದಿನಾರು ವರ್ಷ. ಟ್ರಾನ್ಸಿಶನ್ ಇಯರ್‌ನಲ್ಲಿದ್ದಾನೆ. ಜೂನಿಯರ್ ಸರ್ಟ್ ಮುಗಿದು ಲೀವಿಂಗ್ ಸರ್ಟ್‌ನ ಓದು ತೊಡಗುವ ಮುನ್ನ ಬರುವ ಈ ಒಂದು ವರ್ಷ, ಪಿಯುಸಿಯ ಭಯದಲ್ಲಿಯೇ ಬೆಳೆದ ನಮ್ಮಂಥ ತಂದೆತಾಯಿಗಳಿಗೆ ಎಂದಿಗೂ ಪೂರ್ತಿ ಅರ್ಥವಾಗುವುದಿಲ್ಲ. ಅವನು ಆಡುವ ಆಟದ ಹೆಸರು ವ್ಯಾಲೊರಂಟ್. ಐವರು ಒಂದು ಕಡೆ, ಐವರು ಇನ್ನೊಂದು ಕಡೆ, ಎಲ್ಲರ ಕೈಯಲ್ಲೂ ಬಂದೂಕು. ಯುರೋಪಿನ ವಯೋಮಿತಿ ಸೂಚಿಯಾದ ಪೆಗಿ ಈ ಆಟಕ್ಕೆ 16 ಎಂದು ಮುದ್ರೆಯೊತ್ತಿದೆ. ಅಷ್ಟು ವರ್ಷ ತುಂಬುವವರೆಗೆ ನಾವು ಬಿಟ್ಟಿರಲಿಲ್ಲ. ತುಂಬಿದ ಮೇಲೆ ತಡೆಯಲು ನೆಪವೂ ಉಳಿಯಲಿಲ್ಲ.

ಒಂದು ಗುರುವಾರ ರಾತ್ರಿ ಎಂಟೂವರೆಗೆ ಊಟಕ್ಕೆ ಕರೆದೆವು. "ಅಮ್ಮ, ಐದು ನಿಮಿಷ" ಎಂದ. ಹತ್ತು ನಿಮಿಷದ ಮೇಲೆ ಮತ್ತೆ ಕರೆದೆವು. ಬಾಗಿಲಿನಾಚೆಯಿಂದ "ಟೂ ಕಿಚನ್, ಟೂ ಕಿಚನ್!" ಎಂದು ಕೂಗುವುದು ಕೇಳಿಸಿತು. ಅಡುಗೆಮನೆಯಲ್ಲಿದ್ದವರು ನಾವು ಮತ್ತು ನಮ್ಮ ಯಜಮಾನರು, ಇಬ್ಬರೇ. ನಮ್ಮನ್ನೇ ಗೇಲಿ ಮಾಡುತ್ತಿದ್ದಾನೆಂದು ಭಾವಿಸಿದೆವು. ಹನ್ನೆರಡು ಗಂಟೆಗಳ ಪಾಳಿ ಮುಗಿಸಿ ಬಂದ ದಿನ ಅದು, ಸಾರು ಆರುತ್ತಿತ್ತು. ಹಜಾರಕ್ಕೆ ಹೋಗಿ ರೌಟರಿನ ಪ್ಲಗ್ಗನ್ನು ಕಿತ್ತೆವು.

ಮಗ ಕೆಳಗಿಳಿದು ಬಂದ. ಕೂಗಲಿಲ್ಲ. ತಟ್ಟೆಯ ಮುಂದೆ ಕುಳಿತು, ಉಂಡು, ತಟ್ಟೆ ತೊಳೆದಿಟ್ಟು ಹೋದ. ನಾಲ್ಕು ದಿನ ಹೌದು, ಅಲ್ಲ ಎಂಬೆರಡು ಮಾತುಗಳಾಚೆ ಏನನ್ನೂ ಆಡಲಿಲ್ಲ.

ಆ ನಾಲ್ಕು ದಿನ ನಾವು ತಾಯಿಯಾಗಿ ಯೋಚಿಸಲಾಗದೆ ವೈದ್ಯರಾಗಿ ಯೋಚಿಸಿದೆವು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದ್ದು, ಆಟದ ವ್ಯಸನಕ್ಕೆ ಅದರಲ್ಲಿ ಸ್ಥಾನವಿದೆ. ಆಟದ ಮೇಲೆ ಹತೋಟಿ ತಪ್ಪಿರಬೇಕು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಹಾನಿ ಕಣ್ಣಿಗೆ ಕಾಣುತ್ತಿದ್ದರೂ ಬಿಡಲಾಗಿರಬಾರದು, ಮತ್ತು ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ನಡೆದಿರಬೇಕು. ನಮ್ಮ ಮಗ ಶಾಲೆಗೆ ಹೋಗುತ್ತಾನೆ, ಹೊತ್ತಿಗೆ ಮಲಗುತ್ತಾನೆ, ಭಾನುವಾರ ಅಜ್ಜಿಗೆ ವಿಡಿಯೊ ಕರೆ ಮಾಡುತ್ತಾನೆ. ಒಂದು ಅಂಶವೂ ಹೊಂದಲಿಲ್ಲ. ಸಾರು ಆರಿತೆಂಬುದು ವರ್ಗೀಕರಣದಲ್ಲಿ ಇಲ್ಲ. ಓದುಗರು ಗೀಳಿನ ಬಗ್ಗೆ ಕೇಳಿದ್ದರಾದ್ದರಿಂದ ಇಷ್ಟು ಹೇಳಿ ಮುಂದೆ ಸಾಗುತ್ತೇವೆ. ನಿಮ್ಮ ಮನೆಯಲ್ಲಿ ಈ ಅಂಶಗಳು ಹೊಂದುವುದಾದರೆ ದಯವಿಟ್ಟು ನಿಮ್ಮ ಜಿಪಿಯವರನ್ನು ಕಾಣಿರಿ, ರೌಟರನ್ನು ಕೀಳಬೇಡಿ.

ಸೋಮವಾರ ನಮ್ಮ ಅತ್ತೆಯವರನ್ನು ಕರೆತರಲು ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಹೊರಟಿದ್ದೆವು. ವಿಮಾನ ತಡವೆಂದು ತಿಳಿದು, ಒಂದಿಷ್ಟು ಸಾಮಾನು ಕೊಳ್ಳಲು ಸೋರ್ಡ್ಸ್ ಕಡೆಗೆ ಕಾರು ತಿರುಗಿಸಿದೆವು. ಹಿಂದೆ ರೈಟ್ ವೆನ್ಯೂ ಎಂಬ ದೊಡ್ಡ ನೈಟ್‌ಕ್ಲಬ್ ಇದ್ದ ಕಟ್ಟಡ ಅಲ್ಲಿದೆ. ಅದರ ಬಳಿ ಬಂದಾಗ ಮಗ ನಾಲ್ಕು ದಿನಗಳ ಮೇಲೆ ತಾನಾಗಿ ಬಾಯಿ ತೆರೆದ. "ಇದೇ ಆ ಬಿಲ್ಡಿಂಗ್."

ಏನದು ಎಂದು ಕೇಳಿದೆವು. ವ್ಯಾಲೊರಂಟನ್ನು ನಿರ್ಮಿಸಿದ ರಯಟ್ ಗೇಮ್ಸ್ ಸಂಸ್ಥೆ 2022ರಲ್ಲಿ ಆ ನೈಟ್‌ಕ್ಲಬ್ಬನ್ನು ತನ್ನ ಪ್ರಸಾರ ಕೇಂದ್ರವನ್ನಾಗಿ ಮಾರ್ಪಡಿಸಿತಂತೆ. ಪಂದ್ಯ ನಡೆಯುವುದು ಬೇರಾವುದೋ ಖಂಡದ ಕ್ರೀಡಾಂಗಣದಲ್ಲಿ. ಅಲ್ಲಿನ ಚಿತ್ರ, ಧ್ವನಿಗಳು ಜಾಲದ ಮೂಲಕ ಈ ಸೋರ್ಡ್ಸ್‌ಗೆ ಬರುತ್ತವೆ. ಯಾವ ಕ್ಷಣದಲ್ಲಿ ಯಾವ ಆಟಗಾರನ ಕಣ್ಣಿನಿಂದ ನೋಡಬೇಕು, ಯಾವುದನ್ನು ಮತ್ತೊಮ್ಮೆ ತೋರಿಸಬೇಕು ಎಂಬುದನ್ನು ಇಲ್ಲಿ ಕುಳಿತವರು ಆಯ್ದು ಜಗತ್ತಿಗೆ ಕಳುಹಿಸುತ್ತಾರೆ. ಉಪ್ಪಿನಕಾಯಿ, ಕರಿಬೇವು ಹುಡುಕಿಕೊಂಡು ನಾವು ಎಷ್ಟೋ ಸಲ ಓಡಾಡಿದ ಆಸುಪಾಸು ಅದು.

"ಆವತ್ತು ಎಷ್ಟು ಸ್ಕೋರ್ ಆಗಿತ್ತೋ?" ಎಂದು ಕೇಳಿದೆವು. ಏಕೆ ಕೇಳಿದೆವೋ ತಿಳಿಯದು.

"ಹನ್ನೊಂದು ಹತ್ತು" ಎಂದ. ಸ್ವಲ್ಪ ತಡೆದು, "ನೀನು ಪ್ಲಗ್ ತೆಗೆದ ಮೇಲೆ ಅವರು ನಾಲ್ಕೇ ಜನ ಆದರು, ಅಮ್ಮ. ನನಗೆ ಬೇಜಾರಾಗಿದ್ದು ಸೋತಿದ್ದಕ್ಕಲ್ಲ" ಎಂದ.

ಹೃದಯ ನಿಂತ ರೋಗಿಯ ಸುತ್ತ ಐವರು ದುಡಿಯುತ್ತಿರುವಾಗ, ಒಬ್ಬರು ಮಾತಿಲ್ಲದೆ ಎದ್ದು ಹೋದಂತೆ ಆ ನಾಲ್ವರಿಗೆ ಅನ್ನಿಸಿರಬೇಕು. ಇದು ಆಟ, ಅದು ಪ್ರಾಣ, ಹೋಲಿಕೆ ಅತಿಯಾಯಿತೆಂದು ನಮಗೂ ಗೊತ್ತು. ಆದರೂ ಕಾರಿನಲ್ಲಿ ಆ ಕ್ಷಣ ನೆನಪಾದದ್ದು ಅದೇ. ಕ್ಷಮೆ ಕೇಳಿದೆವು. ಜೊತೆಗೆ, "ನೀನು ಒಂದು ಒಳ್ಳೆಯ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ನಮಗೆ ಅರ್ಥಮಾಡಿಸಿ ತೋರಿಸು" ಎಂದು ಕೇಳಿಕೊಂಡೆವು.

ಅವನು ಆಯ್ದುಕೊಂಡದ್ದು 2023ರ ಮಾರ್ಚ್ 4ರಂದು ಬ್ರೆಜಿಲ್ಲಿನ ಸಾವ್ ಪಾವ್ಲೊ ನಗರದಲ್ಲಿ ನಡೆದ ಲಾಕ್ ಇನ್ ಪಂದ್ಯಾವಳಿಯ ಅಂತಿಮ ಹಣಾಹಣಿ. ಮೂವತ್ತೆರಡು ತಂಡಗಳ ಪಂದ್ಯಾವಳಿ ಅದು. ಒಮ್ಮೆ ಸೋತರೆ ಮನೆಗೆ. ಪೆಸಿಫಿಕ್ ವಲಯದಿಂದ ಭಾರತದ ಗ್ಲೋಬಲ್ ಈಸ್ಪೋರ್ಟ್ಸ್ ಕೂಡ ಅಲ್ಲಿತ್ತು. ಅಂತಿಮಕ್ಕೆ ಉಳಿದವರು ಯುರೋಪಿನ ಫ್ನಾಟಿಕ್ ಮತ್ತು ಬ್ರೆಜಿಲ್ಲಿನ ಲೌಡ್. ಹಿಂದಿನ ವರ್ಷವಷ್ಟೇ ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಲೌಡ್‌ಗೆ ತವರಿನ ಪ್ರೇಕ್ಷಕರ ಬಲ. ಅವರ ನಾಯಕನು ಆಟದಲ್ಲಿ ಇಟ್ಟುಕೊಂಡ ಹೆಸರು ಸಾಧಕ್. ಅರ್ಜೆಂಟೀನದವನಂತೆ, ನಮ್ಮ ಕಿವಿಗಾದರೋ ಮಠದ ಸ್ವಾಮಿಗಳು ಆಶೀರ್ವದಿಸಿ ಇಟ್ಟ ಹೆಸರಿನಂತೆ ಕೇಳಿಸಿತು.

ಮೂರು ವಾರಾಂತ್ಯಗಳ ಸಂಜೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ನೋಡಿದೆವು. ನೋಡಿದ್ದಕ್ಕಿಂತ ಊಟದ ಮೇಜಿನ ಮೇಲೆ ಕಲಿತದ್ದೇ ಹೆಚ್ಚು. ಮಗ ಉಪ್ಪಿನಕಾಯಿ ಭರಣಿಯನ್ನು ಒಂದು ಮೂಲೆಗೆ, ತುಪ್ಪದ ಬಟ್ಟಲನ್ನು ಇನ್ನೊಂದು ಮೂಲೆಗೆ ಇಟ್ಟು, ನಡುವೆ ಚಮಚಗಳನ್ನು ನಿಲ್ಲಿಸಿದ. ಆಕ್ರಮಣ ಮಾಡುವವರು ಸ್ಪೈಕ್ ಎಂಬ ಸಿಡಿತಲೆಯನ್ನು ಭರಣಿಯ ಬಳಿಯೋ ಬಟ್ಟಲಿನ ಬಳಿಯೋ ನೆಡಬೇಕು. ನೆಡಲು 100 ಸೆಕೆಂಡುಗಳ ಕಾಲಾವಕಾಶ. ನೆಟ್ಟ ಮೇಲೆ 45 ಸೆಕೆಂಡಿಗೆ ಸಿಡಿಯುತ್ತದೆ. ರಕ್ಷಿಸುವವರಿಗೆ ಅದನ್ನು ನಿಷ್ಕ್ರಿಯಗೊಳಿಸಲು 7 ಸೆಕೆಂಡು ಬೇಕು. ಹನ್ನೆರಡು ಸುತ್ತುಗಳ ಮೇಲೆ ಪಾತ್ರಗಳು ಅದಲುಬದಲು. ಮೊದಲು ಹದಿಮೂರು ಸುತ್ತು ಗೆದ್ದವರಿಗೆ ಆ ಅಂಕಣ. ಇಬ್ಬರೂ ಹನ್ನೆರಡಕ್ಕೆ ಬಂದು ನಿಂತರೆ ಎರಡು ಸುತ್ತುಗಳ ಅಂತರ ಬೇಕು.

"ಹಾಗಾದರೆ ಯಾರ ಕೈ ಚುರುಕೋ ಅವರು ಗೆಲ್ಲುತ್ತಾರೆ" ಎಂದೆವು.

"ಈ ಮಟ್ಟದಲ್ಲಿ ಎಲ್ಲರ ಕೈಯೂ ಚುರುಕೇ, ಅಮ್ಮ" ಎಂದು ನಕ್ಕ.

ಮೊದಲು ನುಗ್ಗುವವನೊಬ್ಬನಿರುತ್ತಾನೆ. ಅವನು ಬಹುಪಾಲು ಸಾಯುವವನೇ. ಅವನ ಬೆನ್ನಿಗೆ ಎರಡನೆಯವನು ಎಷ್ಟು ಹತ್ತಿರವಿರಬೇಕೆಂದರೆ, ಮೊದಲನೆಯವನನ್ನು ಹೊಡೆದ ವೈರಿ ಮತ್ತೆ ಮರೆಗೆ ಸರಿಯುವ ಮೊದಲೇ ಇವನ ಗುಂಡು ಅವನಿಗೆ ತಗುಲಬೇಕು. ಆಗ ಐವರಿಗೆ ಐವರೆಂಬುದು ನಾಲ್ವರಿಗೆ ನಾಲ್ವರಾಗುತ್ತದೆ, ಆದರೆ ನೆಲ ಇವರದಾಗಿರುತ್ತದೆ. ಎರಡನೆಯವನು ಅರ್ಧ ಸೆಕೆಂಡು ತಡಮಾಡಿದರೆ ಮೊದಲನೆಯವನ ಸಾವು ದಂಡ.

ಇದನ್ನು ಕೇಳಿದಾಗ ಸಾಗರದ ಕಡೆಯ ನಮ್ಮೂರಿನ ಗದ್ದೆಯಲ್ಲಿ, ಕಂಬಳಿ ಹೊದ್ದು ನೋಡಿದ ಅಭಿಮನ್ಯು ಕಾಳಗ ನೆನಪಾಯಿತು. ಚಕ್ರವ್ಯೂಹ ಹೊಗಲು ಬಲ್ಲ ಹುಡುಗ ಮುಂದೆ, ಬೆನ್ನಿಗೆ ಭೀಮಾದಿಗಳು. ಹೊಕ್ಕ ಬಾಗಿಲನ್ನು ಸೈಂಧವ ಮುಚ್ಚಿಬಿಟ್ಟ. ಒಳಗೆ ಅಭಿಮನ್ಯುವಿನ ಪರಾಕ್ರಮಕ್ಕೆ ಕೊರತೆಯಿರಲಿಲ್ಲ. ಬೆನ್ನಿಗೆ ಬರಬೇಕಾದವರು ಬರಲಾಗಲಿಲ್ಲ, ಅಷ್ಟೇ. ಕಥೆ ಹೇಳಿದೆವು. ಮಗ ಗಂಭೀರವಾಗಿ ಕೇಳಿ, "ಸೈಂಧವ ಅಂದರೆ ಸೇಜ್" ಎಂದ. ಸೇಜ್ ಈ ಆಟದ ಒಂದು ಪಾತ್ರ, ದಾರಿಗೆ ಅಡ್ಡವಾಗಿ ಗೋಡೆ ಎಬ್ಬಿಸುವವಳು. ಒಳಹೊಕ್ಕವನ ಹಿಂದೆ ಅವಳ ಗೋಡೆ ಎದ್ದರೆ ಅವನು ಒಂಟಿ. ಇಪ್ಪತ್ತು ವರ್ಷ ಹೊರನಾಡಿನಲ್ಲಿದ್ದು ಮಗನಿಗೆ ಮಹಾಭಾರತ ಹೇಳಿಕೊಡಲು ಎಷ್ಟೋ ಭಾನುವಾರ ಹೆಣಗಿದ್ದೇವೆ. ಅವನು ತಾನಾಗಿ ಪ್ರಶ್ನೆ ಕೇಳಿದ್ದು ಅಂದೇ: "ಯುಧಿಷ್ಠಿರ ಬೇರೆ ಬಾಗಿಲು ಯಾಕೆ ಹುಡುಕಲಿಲ್ಲ?"

ಹಣದ ಲೆಕ್ಕ ಇನ್ನೊಂದು. ಪ್ರತಿ ಸುತ್ತಿಗೂ ಆಯುಧಗಳನ್ನು ಆಟದ ಹಣದಿಂದ ಕೊಳ್ಳಬೇಕು. ಸುತ್ತು ಗೆದ್ದವರಿಗೆ ತಲಾ 3000. ಸೋತವರಿಗೂ ದೊರೆಯುತ್ತದೆ, ಮೊದಲ ಸೋಲಿಗೆ 1900, ಸತತ ಎರಡನೆಯದಕ್ಕೆ 2400, ಅನಂತರ 2900. ಒಳ್ಳೆಯ ಬಂದೂಕಿಗೆ 2900, ಪೂರ್ತಿ ಕವಚಕ್ಕೆ 1000. ಹೀಗಾಗಿ ಸೋತ ತಂಡ ಒಂದು ಸುತ್ತನ್ನು ಬೇಕೆಂದೇ ಬಡವರಾಗಿ ಆಡಿ, ಮುಂದಿನದಕ್ಕೆ ಐವರೂ ಒಟ್ಟಿಗೆ ಸಜ್ಜಾಗುತ್ತಾರೆ. ಒಬ್ಬನ ಬಳಿ 6000 ಇದ್ದು ಮತ್ತೊಬ್ಬನ ಬಳಿ 1500 ಇದ್ದರೆ, ಉಳ್ಳವನು ಇಲ್ಲದವನಿಗೂ ಬಂದೂಕು ಕೊಂಡುಕೊಡುತ್ತಾನೆ. ಚೀಟಿ ಹಾಕಿ ಬದುಕು ಕಟ್ಟಿದ ಮನೆಗಳಿಂದ ಬಂದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ.

ನಾಲ್ಕು ಅಂಕಣಗಳು ಮುಗಿದಾಗ ಎರಡು ಎರಡು. ಐದನೆಯದು ಐಸ್‌ಬಾಕ್ಸ್, ಹಿಮದ ನಡುವಿನ ಕಂಟೇನರುಗಳ ಅಂಗಳ. ಅಲ್ಲಿಯೇ ಕಿಚನ್ ಎಂಬ ಹೆಸರಿನ ಒಂದು ಮೂಲೆಯಿದೆ. ಆ ಗುರುವಾರ ಮಗ ಕೂಗಿದ್ದು ಅದನ್ನೇ, ಅಲ್ಲಿ ವೈರಿಗಳಿಬ್ಬರು ಇದ್ದಾರೆಂದು. ನಮಗೆ ನಾಚಿಕೆಯಾಯಿತು.

ಈ ಐದನೆಯ ಅಂಕಣದಲ್ಲಿ ಒಂದು ಹಂತಕ್ಕೆ ಲೌಡ್ 11, ಫ್ನಾಟಿಕ್ 3. ಇನ್ನೆರಡು ಸುತ್ತು ಗೆದ್ದರೆ ಲೌಡ್‌ಗೆ ಕಿರೀಟ. ಕೊನೆಗೆ 14-12ರಿಂದ ಗೆದ್ದವರು ಫ್ನಾಟಿಕ್. ಎಂದರೆ ಉಳಿದ ಹನ್ನೆರಡು ಸುತ್ತುಗಳಲ್ಲಿ ಹನ್ನೊಂದು ಅವರವು. ಕೈಚಳಕ ಅರ್ಧ ಗಂಟೆಯಲ್ಲಿ ಹೆಚ್ಚುವುದಿಲ್ಲ. ಅದೇ ಐವರು, ಅದೇ ಗುರಿ. ನಮ್ಮ ಕಣ್ಣಿಗೆ ಕಂಡ ವ್ಯತ್ಯಾಸ ಒಂದೇ. ಒಬ್ಬೊಬ್ಬರಾಗಿ ಸಾಯುವುದು ನಿಂತು, ಇಬ್ಬಿಬ್ಬರಾಗಿ ನಡೆಯುವುದು ಹೆಚ್ಚಾಗಿತ್ತು. ಬಲ್ಲವರು ಇದಕ್ಕಿಂತ ಸೂಕ್ಷ್ಮವಾಗಿ ಹೇಳಿಯಾರು. ನಾವು ಮೂರು ವಾರಾಂತ್ಯದ ಪಂಡಿತರು.

ಫ್ನಾಟಿಕ್ ತಂಡದ ಐವರು ಐದು ದೇಶದವರು. ನಾಯಕ ಬೋಸ್ಟರ್ ಇಂಗ್ಲೆಂಡಿನವನು, ಡೆರ್ಕೆ ಫಿನ್ಲೆಂಡ್, ಲಿಯೊ ಸ್ವೀಡನ್, ಕ್ರಾನಿಕಲ್ ರಷ್ಯಾ, ಇನ್ನೂ ಹದಿಹರೆಯ ದಾಟದಿದ್ದ ಆಲ್ಫಾಜೆರ್ ಟರ್ಕಿ. ನಾಯಕನೊಬ್ಬನನ್ನುಳಿದು ಇಂಗ್ಲಿಷ್ ಯಾರ ಮನೆಮಾತೂ ಅಲ್ಲ. ಆದುದರಿಂದ ಮಾತು ಚಿಕ್ಕದು. ಎಷ್ಟು ಜನ, ಎಲ್ಲಿ, ಎಷ್ಟು ಪೆಟ್ಟು ತಿಂದಿದ್ದಾರೆ, ಮುಗಿಯಿತು. "ಅಯ್ಯೋ, ನೋಡದೇ ಹೋದೆ, ನೀನು ಮೊದಲೇ ಹೇಳಬಾರದಿತ್ತೇ" ಎಂಬುದಕ್ಕೆ ಜಾಗವಿಲ್ಲ. ಅದನ್ನಾಡುವಷ್ಟರಲ್ಲಿ ಮುಂದಿನ ಸುದ್ದಿ ಕೇಳಿಸದೆ ಹೋಗುತ್ತದೆ.

ನಾವು ದುಡಿಯುವ ವಾರ್ಡುಗಳೂ ಹೀಗೆಯೇ. ಕೇರಳದ ದಾದಿ, ಫಿಲಿಪೀನ್ಸಿನ ದಾದಿ, ಸುಡಾನಿನ ಕಿರಿಯ ವೈದ್ಯ, ನೈಜೀರಿಯದ ಅರಿವಳಿಕೆ ತಜ್ಞ, ಕಾರ್ಕ್ ಕಡೆಯ ಹಿರಿಯ ಸಲಹಾ ವೈದ್ಯರು; ಅವರ ಇಂಗ್ಲಿಷ್ ಅರ್ಥವಾಗಲು ನಮಗೆ ಒಂದು ವರ್ಷ ಹಿಡಿಯಿತು. ಐರ್ಲೆಂಡಿನ ಆಸ್ಪತ್ರೆಗಳಲ್ಲಿ ಐಸ್‌ಬಾರ್ ಎಂಬ ಕ್ರಮವಿದೆ. ಮಾತಾಡುತ್ತಿರುವವರು ಯಾರು, ಈಗಿನ ಸ್ಥಿತಿಯೇನು, ಹಿನ್ನೆಲೆಯೇನು, ನನ್ನ ಅಂದಾಜೇನು, ಏನಾಗಬೇಕು. ಅಷ್ಟನ್ನು ಆ ಕ್ರಮದಲ್ಲಿ ಹೇಳಿ ನಿಲ್ಲಿಸಬೇಕು. ನಮಗೆ ತರಬೇತಿ ಕೊಟ್ಟು ಕಲಿಸಿದ್ದನ್ನು ಈ ಹುಡುಗರು ರಾತ್ರಿ ಊಟ ತಪ್ಪಿಸಿ ಕಲಿತಿದ್ದಾರೆ.

ಇದನ್ನು ಹೇಳುತ್ತ ಹೇಳುತ್ತ, ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಮಗನಿಗೆ ಹೇಳಿದೆವು. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಈ ದೇಶಕ್ಕೆ ಬರುವುದಕ್ಕಿಂತ ಮೊದಲು, ಒಂದು ಆಸ್ಪತ್ರೆಯಲ್ಲಿ ರಾತ್ರಿಪಾಳಿಯಲ್ಲಿದ್ದಾಗ ನಡೆದದ್ದು. ರೋಗಿಯೊಬ್ಬರ ಹೃದಯ ನಿಂತಿತು. ಮಂಚದ ಸುತ್ತ ಆರೇಳು ಜನ. ಮುಂದಾಳತ್ವ ನಮ್ಮದು. ಎದೆಯೊತ್ತುವುದು ನಡೆದಿತ್ತು. "ಯಾರಾದರೂ ಅಡ್ರಿನಾಲಿನ್ ಕೊಡಿ" ಎಂದು ಕೂಗಿದೆವು. ಎಲ್ಲರಿಗೂ ಕೇಳಿಸಿತು. ಮೂರು ನಾಲ್ಕು ನಿಮಿಷದ ಮೇಲೆ, ಎರಡನೆಯ ಡೋಸ್ ಕೊಡಿ ಎಂದಾಗ, ದಾದಿಯೊಬ್ಬರು ತಡವರಿಸುತ್ತ, ಮೊದಲನೆಯದನ್ನು ಕೊಟ್ಟವರು ಯಾರು ಎಂದು ಕೇಳಿದರು. ಯಾರೂ ಕೊಟ್ಟಿರಲಿಲ್ಲ. ಔಷಧ ಸಿರಿಂಜಿನಲ್ಲಿ ಸಿದ್ಧವಾಗಿ ತಟ್ಟೆಯಲ್ಲಿತ್ತು. ಪ್ರತಿಯೊಬ್ಬರೂ ಇನ್ನೊಬ್ಬರು ಕೊಟ್ಟರೆಂದುಕೊಂಡಿದ್ದರು. ರೋಗಿ ಉಳಿಯಲಿಲ್ಲ. ಆ ನಿಮಿಷಗಳಿಂದ ಫಲ ಬೇರೆಯಾಗುತ್ತಿತ್ತೇ ಎಂದರೆ, ಬಹುಶಃ ಇಲ್ಲ. ಈ ಬಹುಶಃ ಎಂಬ ಪದವನ್ನು ನಾವು ಬಹಳ ವರ್ಷ ಹೊತ್ತಿದ್ದೇವೆ. ಹೊರಗೆ ಕಾದಿದ್ದ ಅವರ ಮಗಳಿಗೆ ಸುದ್ದಿ ಹೇಳಿದವರೂ ನಾವೇ.

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಸಮಾಧಾನದ ಮಾತೇನೂ ಆಡಲಿಲ್ಲ. "ಹೆಸರು ಕರೆಯಬೇಕಿತ್ತು, ಅಮ್ಮ" ಎಂದ. "ನಾವೂ ಯಾರಾದರೂ ಸ್ಮೋಕ್ ಹಾಕಿ ಅಂತ ಹೇಳಿದರೆ ಯಾರೂ ಹಾಕಲ್ಲ."

ಅಂದಿನಿಂದ ಇಂದಿನವರೆಗೆ ನಾವು ಹೆಸರು ಹಿಡಿದೇ ಕರೆಯುತ್ತೇವೆ. ಕರೆಸಿಕೊಂಡವರು ಮಾತನ್ನು ತಿರುಗಿ ಹೇಳಬೇಕು, ಮಾಡಿದ ಮೇಲೆ ಮಾಡಿದೆನೆಂದು ಹೇಳಬೇಕು. ಪುನಶ್ಚೇತನದ ತರಬೇತಿಗಳಲ್ಲಿ ಈಗ ಎಲ್ಲೆಡೆ ಹೀಗೆಯೇ ಕಲಿಸುತ್ತಾರೆ. ವಿಮಾನ ಚಾಲಕರ ತಂಡಗಳಲ್ಲಿ ಬೆಳೆದ ಶಿಸ್ತು ಅಲ್ಲಿಂದ ಅರಿವಳಿಕೆ ತಜ್ಞರಿಗೆ, ಅವರಿಂದ ನಮ್ಮೆಲ್ಲರಿಗೆ ಬಂದದ್ದು. ಆದರೆ ಆಸ್ಪತ್ರೆಯಲ್ಲಿ ಪಾಲಿಸುವುದನ್ನು ಸಂಘದ ಸಭಾಂಗಣದಲ್ಲಿ ಮರೆತಿದ್ದೆವು ಎಂಬುದನ್ನೂ ಮಗನೇ ತೋರಿಸಬೇಕಾಯಿತು.

ರಾಜ್ಯೋತ್ಸವದ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ನಾವು ಹೃದಯ ಪುನಶ್ಚೇತನದ ಪ್ರಾತ್ಯಕ್ಷಿಕೆ ಕೊಡುವುದು ನಿಮಗೆ ಗೊತ್ತೇ ಇದೆ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ, ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿ ಎಂದೆಲ್ಲ ಹೇಳಿ, "ಯಾರಾದರೂ 112ಕ್ಕೆ ಕರೆ ಮಾಡಿ" ಎಂದು ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದಿದ್ದೇವೆ. ಕಳೆದ ಬಾರಿ ಗೊಂಬೆ ಹೊತ್ತು ತಂದ ಮಗ ನಮ್ಮ ಭಾಷಣದ ನಡುವೆಯೇ ಕೈಯೆತ್ತಿದ. ಮೈಕು ಕೊಟ್ಟೆವು. ಮೊದಲು ತನ್ನ ಅರೆಬರೆ ಕನ್ನಡದಲ್ಲಿ, ಆಮೇಲೆ ಅದೂ ಬೇಡವೆಂದು ಬೆರಳು ತೋರಿಸಿಯೇ ಹೇಳಿದ: "ನೀಲಿ ಜುಬ್ಬದ ಅಂಕಲ್, ನೀವು 112. ಮಾಡಿ ಆದ ಮೇಲೆ ನನಗೆ ಹೇಳಿ. ಆಂಟಿ, ನೀವು ಬಾಗಿಲ ಹತ್ತಿರ ಹೋಗಿ ಎಇಡಿ ತನ್ನಿ. ಕೆಂಪು ಶರ್ಟ್, ನೀನು ನನ್ನ ಎದುರು ಕೂತ್ಕೋ, ನನಗೆ ಸುಸ್ತಾದರೆ ನಿನ್ನ ಸರದಿ." ಮೂವರೂ ಎದ್ದರು. ಎಷ್ಟೋ ವರ್ಷಗಳ ಪ್ರಾತ್ಯಕ್ಷಿಕೆಗಳಲ್ಲಿ ಕುರ್ಚಿ ಬಿಟ್ಟು ಯಾರಾದರೂ ಎದ್ದದ್ದು ಅದೇ ಮೊದಲು. ನೀಲಿ ಜುಬ್ಬದವರಂತೂ ಗಾಬರಿಯಲ್ಲಿ ನಿಜವಾಗಿಯೇ 112 ಒತ್ತಿ, ಕರೆ ಹೋಗುವಷ್ಟರಲ್ಲಿ ಅವರ ಶ್ರೀಮತಿಯವರು ಫೋನು ಕಸಿದುಕೊಂಡರು.

ಎಚ್‌ಪ್ಯಾಟ್ ಬರೆಯುತ್ತಾನೆಯೇ, ಮೆಡಿಸಿನ್ ಸೇರುತ್ತಾನೆಯೇ ಎಂದು ಊಟದ ಸಾಲಿನಲ್ಲಿ ಮೂರು ಜನ ಕೇಳಿದರು. ಅವನು ಸೋರ್ಡ್ಸ್‌ನ ಆ ಕಟ್ಟಡದಲ್ಲಿ ಎರಡು ವಾರ ಕೆಲಸದ ಅನುಭವಕ್ಕೆ ಅವಕಾಶ ಸಿಗುವುದೇ ಎಂದು ಪತ್ರ ಬರೆದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಬಂದೂಕಿನ ಆಟ ನಮಗೆ ಇಂದಿಗೂ ಪೂರ್ತಿ ಹಿಡಿಸಿಲ್ಲ; ಆ ಗುಂಡಿನ ಸದ್ದು ಕೇಳಿದರೆ ಪಕ್ಕದ ಕೋಣೆಗೆ ಹೋಗುತ್ತೇವೆ. ಶಾಲೆಯ ದಿನಗಳಲ್ಲಿ ಹತ್ತು ಗಂಟೆಗೆ ಕಂಪ್ಯೂಟರ್ ಆರಬೇಕೆಂಬ ನಿಯಮ ಹಾಗೆಯೇ ಇದೆ. ರೌಟರ್ ಈಗ ಪುಸ್ತಕದ ಕಪಾಟಿನ ಮೇಲಿದೆ, ನಮ್ಮ ಕೈಗೆ ಎಟುಕದಷ್ಟು ಎತ್ತರದಲ್ಲಿ. ಅದನ್ನು ಅಲ್ಲಿಟ್ಟವರು ನಮ್ಮ ಯಜಮಾನರು.

ಊಟಕ್ಕೆ ಕರೆಯುವ ಮುನ್ನ ಮೆಟ್ಟಿಲ ಬುಡದಲ್ಲಿ ನಿಂತು, "ಎಷ್ಟನೆಯ ಸುತ್ತೋ?" ಎಂದು ಕೇಳುತ್ತೇವೆ. ನಾಲ್ಕು ಎರಡು ಎಂದರೆ ಪಲ್ಯಕ್ಕೆ ಒಗ್ಗರಣೆ ಹಾಕಲು ಇನ್ನೂ ಹೊತ್ತಿದೆ. ಹನ್ನೊಂದು ಹತ್ತು ಎಂದರೆ ತಟ್ಟೆ ಹಾಕಿ, ಸಾರನ್ನು ಸಣ್ಣ ಉರಿಯಲ್ಲಿಟ್ಟು ಕಾಯುತ್ತೇವೆ.